ಅಂಗೈಯಗಲದ ಬಾಯ್ಲರ್

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ನಿವೃತ್ತ ಬಸ್ ಮೆಕ್ಯಾನಿಕ್ ಒಬ್ಬರಿದ್ದರು. ಪುಟ್ಟ ಉಗಿ ಇಂಜಿನ್ ಮಾಡುವುದು ಅವರ ಹುಚ್ಚು. ಬೀದಿಯವರನ್ನೆಲ್ಲ ಜಗಲಿಗೆ ಕರೆದು ಮೊದಲ ಸಲ ಉರಿ ಹಚ್ಚಿದಾಗ, ತಾಮ್ರದ ಬಾಯ್ಲರಿನ ಸೀಸದ ಬೆಸುಗೆ ಕರಗಿ, ನೀರು ಸುರಿದು, ಕೆಳಗಿನ ಸ್ಪಿರಿಟ್ ದೀಪವೇ ಆರಿಹೋಯಿತು. ಅವರು ಮೀಸೆ ಸವರುತ್ತಾ ಎಂದಿನ ಮಾತನ್ನೇ ಹೇಳಿದರು: "ಸೋರ್ಲಿ ಬುಡಿ ಸಾ, ಎಲ್ಲಿ ಅಂತ ಗೊತ್ತಾಯ್ತಲ್ಲ!"

ಮತ್ತೆ ತಿಂಗಳುಗಟ್ಟಲೆ ಕೂತು ಅಂಚಿಗೆಲ್ಲ ರಿವೆಟ್ ಬಡಿದರು, ಅದರ ಮೇಲೆ ಬೆಳ್ಳಿ ಬೆಸುಗೆ ಹಾಕಿದರು. ಈ ಸಲ ಬೆಸುಗೆ ಬಿಡಲಿಲ್ಲ. ಚಕ್ರ ತಿರುಗಿತು, ಸೀಟಿಯೂ ಕೂಗಿತು. ನಾವಿನ್ನೂ ಚಪ್ಪಾಳೆ ತಟ್ಟುತ್ತಿದ್ದಾಗಲೇ ಅವರ ಹೆಂಡತಿ ಸೌಟು ಹಿಡಿದು ಹೊರಗೆ ಬಂದರು.

"ಕುಕ್ಕರ್ ಕೂಗ್ತು ಅಂತ ಸ್ಟವ್ ಆರಿಸ್ಬುಟ್ಟೆ ಕಣ್ರೀ, ತೆಗೆದ್ರೆ ಅಕ್ಕಿ ಅಂಗೇ ಅದೆ!"

ಮೆಕ್ಯಾನಿಕ್ಕರ ಕಣ್ಣು ತುಂಬಿ ಬಂತು. "ಕೇಳಿದ್ರಾ ಸಾ? ಕುಕ್ಕರ್ ಅಂದ್ಕೊಂಡ್ಲಂತೆ! ಪಾಸಾದೆ!"