ಲಾಭ, ಎರಡು, ಮೂರು

ಒಂದು ಮಂಗಳವಾರ ಪಂಚನಹಳ್ಳಿಯ ನಮ್ಮ ಅಂಗಳದಲ್ಲಿ ಅಕ್ಕ ಮಿಲ್ಲಿಗೆ ಕಳಿಸುವ ರಾಗಿ ಅಳೆದಳು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದ ಅಕ್ಕತಂಗಿಯರು ನಾವು. ಅಳೆಯುವುದು ಅವಳ ಕೆಲಸ, ಚೀಲದ ಬಾಯಿ ಹಿಡಿಯುವುದು ನನ್ನದು. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು ಎನ್ನುತ್ತಾ ಹನ್ನೆರಡಕ್ಕೆ ಮುಗಿಸಿ, ಸೇರನ್ನು ಬೋರಲು ಹಾಕಿ ಗೂಡಿನಲ್ಲಿಟ್ಟಳು.

ಮುಂದಿನ ಸಲ ಅಳೆಯಲು ಕೂತವಳು ಲಾಭ ಎಂದಳು. ಎರಡನೆಯ ಸೇರಿಗೂ ಲಾಭ ಎಂದಳು. ಮೂರನೆಯದಕ್ಕೂ.

"ಏನಕ್ಕಾ, ಇವತ್ತು ಬರೀ ಲಾಭಾನೇ?"

"ನಷ್ಟ ಯಾಕೆ ಬೇಕು ಕಣೇ? ಸುಮ್ನೆ ಹಿಡ್ಕೊ."

ಇಬ್ಬರೂ ನಕ್ಕೆವು. ಐದನೆಯದಕ್ಕೆ ನಾನು ನಗಲಿಲ್ಲ.

ಕಡೂರಿನ ಡಾಕ್ಟರು ಒಂದರಿಂದ ಇಪ್ಪತ್ತರವರೆಗೆ ಎಣಿಸಿ ಎಂದರು. ಅಕ್ಕ ಲಾಭದಿಂದ ಶುರುಮಾಡಿದಳು. ಡಾಕ್ಟರು ಬೇರೆ ಜಿಲ್ಲೆಯವರು, ತಪ್ಪು ಎಂದು ಬರೆದುಕೊಂಡರು.

"ಅದು ತಪ್ಪಲ್ಲ ಸಾರ್, ನಮ್ಕಡೆ ಹಂಗೇ ಅನ್ನದು," ಎಂದೆ. ಅವರು ಬರೆದದ್ದನ್ನು ಹೊಡೆದುಹಾಕಿದರು. ಆಮೇಲೆ ಬಂದ ತಪ್ಪುಗಳಿಗೆ ನನ್ನ ಬಳಿ ಸಮಜಾಯಿಷಿ ಇರಲಿಲ್ಲ.

ಅಕ್ಕನ ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇತ್ತು. ನಮ್ಮ ಅವ್ವನಿಗೂ ಕೊನೆಗಾಲದಲ್ಲಿ ಮರೆವು ಬಂದಿತ್ತು ಎಂದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ನಡುವಯಸ್ಸಿನಲ್ಲೇ ಕೊಲೆಸ್ಟ್ರಾಲ್ ಏರಿದ್ದರೆ ಮುಂದೆ ಮರೆವಿನ ಅಪಾಯ ಹೆಚ್ಚು, ಕೆಲವು ಮನೆತನಗಳಲ್ಲಿ ಎರಡೂ ವಂಶದಲ್ಲೇ ಇಳಿದು ಬರುತ್ತವೆ, ಆದರೆ ಬಂದೇ ಬರುತ್ತದೆ ಅಂತಿಲ್ಲ ಎಂದರು. ಮಾತ್ರೆ ಹೃದಯಕ್ಕೆ ಒಳ್ಳೆಯದು, ಹೋದ ನೆನಪನ್ನು ಅದು ತರುವುದಿಲ್ಲ ಎಂದೂ ಹೇಳಿದರು. ನನ್ನ ಕಡೆ ತಿರುಗಿ, "ನೀವೂ ಒಂದ್ಸಲ ಟೆಸ್ಟ್ ಮಾಡಿಸಿಬಿಡಿ," ಎಂದರು.

ನನ್ನದೂ ಜಾಸ್ತಿಯೇ ಇತ್ತು. ಇಬ್ಬರೂ ಒಂದೇ ಮಾತ್ರೆ ನುಂಗತೊಡಗಿದೆವು. ತನ್ನದನ್ನು ನುಂಗಿದ್ದು ಮರೆತು ಅಕ್ಕ ನನ್ನದಕ್ಕೂ ಕೈಚಾಚುತ್ತಿದ್ದಳು. ಕೊನೆಕೊನೆಗೆ ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದಳು.

ಕಳೆದ ಕಾರ್ತೀಕದಲ್ಲಿ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು. ಹನ್ನೊಂದನೆಯ ದಿನದ ಅಡುಗೆಗೆ ಅಕ್ಕಿ ಅಳೆಯಲು ಹೋದರೆ ಗೂಡಿನಲ್ಲಿ ಸೇರು ಇರಲಿಲ್ಲ. "ದೊಡ್ಡತ್ತೆ ಎಲ್ಲೋ ಇಟ್ಟಿರ್ತಾರೆ, ಬಿಡಿ ಅತ್ತೆ," ಎಂದಳು ನನ್ನ ಸೊಸೆ. ಪಾತ್ರೆಯಲ್ಲಿ ಅಂದಾಜಿಗೆ ಸುರಿದೆವು.

ಆದರೆ ಅಕ್ಕ ಹಾಸಿಗೆ ಹಿಡಿದ ಮೇಲೆ ಅಳೆಯುತ್ತಿದ್ದವಳು ನಾನು. ಕೊನೆಯ ಸಲ ಅಳೆದದ್ದು ನೆನಪಿದೆ, ಸೇರನ್ನು ಎತ್ತಿಟ್ಟದ್ದು ನೆನಪಿಲ್ಲ. ಸೊಸೆಗೆ ಇದನ್ನು ಹೇಳಿಲ್ಲ.

ಸೇರು ಇನ್ನೂ ಸಿಕ್ಕಿಲ್ಲ.