ಹಸಿರು ಮುಟ್ಟದ ಕೈ

ಮೊನ್ನೆ ಪಂಪ್‌ಹೌಸಿಗೆ ಹೊಸ ಕಂಪ್ಯೂಟರ್ ಬಂತು. ಫೈಲು ತೆಗೆದರೆ ಅಕ್ಷರಗಳೆಲ್ಲ ಒಂದೇ ಬಿಳಿ, ಹೂ ಬಿಟ್ಟ ಕಾಫಿ ತೋಟದ ಹಾಗೆ. ಚೆಂದವೇನೋ ಹೌದು. ಆದರೆ ಕಣ್ಣು ಬಣ್ಣ ಹುಡುಕಿತು, ವಿಮಲಕ್ಕ ನೆನಪಾದರು.

ವಿಮಲಕ್ಕ ಬಾಳೂರಿನ ನಮ್ಮ ಎಸ್ಟೇಟಿನ ರೈಟರ್. ಕಥೆ ಬರೆಯುವವರಲ್ಲ, ಹಾಜರಿಯಿಂದ ಗೊಬ್ಬರದವರೆಗೆ ಎಲ್ಲ ಬರೆಯುವವರು. ಕಂಪ್ಯೂಟರನ್ನು ತಾವಾಗಿಯೇ ಕಲಿತು ನನಗೂ ಕಲಿಸಿದರು. ಸ್ಪ್ರಿಂಕ್ಲರ್ ಯಾವ ಬ್ಲಾಕಿಗೆ ಎಷ್ಟು ಹೊತ್ತಿಗೆ ತಿರುಗಬೇಕೆಂಬುದು ಒಂದು ಫೈಲಿನಲ್ಲಿರುತ್ತದೆ. ಕಪ್ಪು ಪರದೆಯಲ್ಲಿ ಬ್ಯಾಟ್ ಎಂಬ ಪ್ರೋಗ್ರಾಮಿನ ಹೆಸರು ಟೈಪು ಮಾಡಿ, ಜೊತೆಗೆ ಫೈಲಿನ ಹೆಸರು ಕೊಟ್ಟರೆ ಸಾಲುಗಳು ಬಣ್ಣಬಣ್ಣವಾಗಿ ಇಳಿಯುತ್ತಿದ್ದವು. ಯಂತ್ರ ಪಾಲಿಸುವ ಸಮಯಗಳು ಹಸಿರು. ನಮ್ಮ ತಿಳಿವಳಿಕೆಗೆ ಬರೆದಿಟ್ಟ ಟಿಪ್ಪಣಿ ಕೆಂಪು. ಆ ಬ್ಯಾಟ್ ಬರೀ ತೋರಿಸುತ್ತದೆ, ತಿದ್ದುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಗುಣವೇ ಧೈರ್ಯ. ಎಷ್ಟು ನೋಡಿದರೂ ಏನೂ ಕೆಡುವುದಿಲ್ಲವಲ್ಲ.

ವಿಮಲಕ್ಕ ಇದನ್ನೆಲ್ಲ ಕಲಿಸಿದ್ದು, ಕಾಫಿ ಮೊಗ್ಗು ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ. ಹೊತ್ತಿಗೆ ಸರಿಯಾಗಿ ನೀರು ಬೀಳದಿದ್ದರೆ ಮೊಗ್ಗು ಒಣಗುತ್ತದೆ. ತೋಟದ ಗೌಡರು ಪಂಪ್‌ಹೌಸಿಗೆ ಡಿಪ್ಲೊಮಾ ಓದಿದವರನ್ನು ತರುವ ಯೋಚನೆಯಲ್ಲಿದ್ದರು. ಪೈಪು ಹೊತ್ತು, ಮೋಟಾರು ಬಿಚ್ಚಿ ಕಟ್ಟಿ ನಾನು ಸಂಪಾದಿಸಿದ ಜಾಗ ಅದು, ಸುಮ್ಮನೆ ಬಿಟ್ಟುಕೊಡುವವನಲ್ಲ. ಒಂದು ಬೆಳಿಗ್ಗೆ ಗೌಡರು ಪರದೆಯ ಮುಂದೆ ನಿಂತು, ಕೆಳಗಿನ ಬ್ಲಾಕಿಗೆ ಇವತ್ತು ನೀರು ಎಷ್ಟು ಗಂಟೆಗೆ ಎಂದು ಕೇಳಿದರು. ಹಸಿರು ನೋಡಿ ಹೇಳು ಎಂದು ವಿಮಲಕ್ಕ ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದರು. ನನ್ನ ಬೆರಳು ನೇರ ಹೋಗಿ ಕೆಂಪಿನ ಮೇಲೆ ಕೂತಿತು.

ನೀವೇ ಹೇಳಿ, ನಾನೇನು ಮಾಡಲಿ? ನಡೆಯಲು ಕಲಿತಂದಿನಿಂದ ಅವ್ವನ ಜೊತೆ ಕಾಫಿ ಕೊಯ್ಲಿಗೆ ಹೋದವನು. ಕೀಳಬೇಕಾದ್ದು ಕೆಂಪು ಹಣ್ಣು ಮಾತ್ರ; ಹಸಿರು ಕಾಯಿ ಕಿತ್ತರೆ ಮೇಸ್ತ್ರಿ ಅವ್ವನನ್ನು ಬೈಯುತ್ತಿದ್ದರು, ಅವ್ವ ನನ್ನ ಕೈಮೇಲೆ ಬಾರಿಸುತ್ತಿದ್ದಳು. ಆ ಕೈಗೆ ಹಸಿರು ಎಂದರೆ ಮುಟ್ಟಬಾರದ್ದು.

ಗೌಡರು ನನ್ನ ಬೆರಳನ್ನೇ ನೋಡಿದರು, ಡಿಪ್ಲೊಮಾದವರ ನೆನಪಾಗಿರಬೇಕು. ಪಕ್ಕದಲ್ಲಿ ಹಾಜರಿ ಬರೆಯುತ್ತಿದ್ದ ವಿಮಲಕ್ಕ ತಲೆ ಎತ್ತದೆ ಹೇಳಿದರು: “ಜನ್ಮ ಪೂರ್ತಿ ಹಣ್ಣು ಕೊಯ್ದ ಕೈ ಗೌಡ್ರೆ, ಹಸಿರು ಮುಟ್ಟು ಅಂದ್ರೆ ಹೆಂಗೆ ಮುಟ್ತದೆ?”

ಗೌಡರು ನಕ್ಕುಬಿಟ್ಟರು. ಈ ಹಂಗಾಮು ನೋಡೋಣ ಎಂದು ಹೊರಟರು. ಸಂಜೆಯೊಳಗೆ ವಿಮಲಕ್ಕ ಎರಡು ಬಣ್ಣವನ್ನೂ ಅದಲುಬದಲು ಮಾಡಿದ್ದರು: ಸಮಯ ಕೆಂಪು, ಟಿಪ್ಪಣಿ ಹಸಿರು.

ನನಗೆ ಸಿಟ್ಟು ಬಂತು. ಮೊದಲಿನ ಹಾಗೇ ಇರಲಿ, ಯಾರ ದಯೆಯೂ ಬೇಡ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, “ಇದನ್ನ ಹಾಕ್ಕಂಡೇ ಓದ್ತೀನಲ್ಲ ಮಾರಾಯ, ಇದು ಯಾರ್ ದಯೆ?” ಎಂದರು.

ಮುಖ ಊದಿಸಿಕೊಂಡೇ ಆ ಹಂಗಾಮೆಲ್ಲ ಕೆಂಪು ನೋಡಿ ನೀರು ಬಿಟ್ಟೆ. ತೋಟ ಹೂವಾಯಿತು, ನನ್ನ ಜಾಗ ಉಳಿಯಿತು. ಥ್ಯಾಂಕ್ಸ್ ಎನ್ನಲು ನಾಲಿಗೆ ಹೊರಳಲಿಲ್ಲ. ಒಂದು ಬಾಟ್ಲಿ ಜೇನುತುಪ್ಪ ಅವರ ಮೇಜಿನ ಮೇಲಿಟ್ಟು ಬಂದೆ. ಆಮೇಲೆ ಅವರು ಕೆಲಸ ಬಿಟ್ಟು ಕಳಸದ ತಂಗಿ ಮನೆಗೆ ಹೋದರು. ಹಳೇ ಕಂಪ್ಯೂಟರಿನಲ್ಲಿ ಅವರು ಹಾಕಿದ ಬಣ್ಣ ಮಾತ್ರ ಹಾಗೇ ಇತ್ತು.

ಮೊನ್ನೆ ಆ ಬಿಳಿ ಸಾಲುಗಳನ್ನು ಬೆರಳಿಟ್ಟು ಓದಿದೆ. ಇಷ್ಟು ವರ್ಷದ ಅಭ್ಯಾಸ, ಬಣ್ಣವಿಲ್ಲದೆಯೂ ನೀರಿನ ಸಮಯ ಸಿಕ್ಕಿತು. ಎದೆ ಉಬ್ಬಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಯಂತ್ರ ಕೂರಿಸಲು ಚಿಕ್ಕಮಗಳೂರಿನಿಂದ ಬಂದ ಟೆಕ್ನಿಶಿಯನ್ ಜೀಪು ಹತ್ತುವಾಗ ಹಿಂದೆಯೇ ಹೋಗಿ ಕರೆದೆ. ಬ್ಯಾಟ್ ಹಾಕಿಕೊಡಿ, ಯಾವುದಕ್ಕೆ ಯಾವ ಬಣ್ಣ ಎಂದು ನಾನು ಹೇಳುತ್ತೇನೆ ಎಂದೆ. ಇಲ್ಲದಿದ್ದರೂ ನಡೆಯುತ್ತದಲ್ಲ, ಯಾಕೆ ಎಂದರು.

“ನಂಗೆ ಬೇಕು,” ಎಂದೆ.

ಅವರು ಬ್ಯಾಗು ಇಳಿಸಿದರು. ನಾನು ಪಕ್ಕದಲ್ಲಿ ಸ್ಟೂಲು ಎಳೆದು ಕೂತೆ.