ಬಸಪ್ಪನವರು ಹೇಳಿದ್ದು, ನಾನು ಹೇಳಿದ್ದು

ಬಸಪ್ಪನವರೇ, ಪರೀಕ್ಷೆಯ ದಿನ ನಿಮ್ಮ ಮಾತನ್ನು ನಾನು ಇಂಗ್ಲಿಷಿನಲ್ಲಿ ಸುಳ್ಳಾಗಿ ಹೇಳಿದೆ. ಬಾಯ್ತಪ್ಪಿ ಅಲ್ಲ, ಗಾಬರಿಯಿಂದಲೂ ಅಲ್ಲ — ಬೇಕೆಂದೇ ಹೇಳಿದೆ.

ಎಪ್ಪತ್ತರ ದಶಕದ ಮಾತು. ಬಯೋಮೆಡಿಕಲ್ ಎಂಜಿನಿಯರಿಂಗ್ ಎಂದರೇನೆಂದು ಆಗ ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ. ಮುಂಬಯಿಯ ಬೈಕುಲ್ಲಾದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಪ್ಪ, ಮಗ ಅರ್ಧ ಡಾಕ್ಟರು ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಪದವಿಗಾಗಿ ನಾನು ಮಾಡಿದ್ದು ಒಂದು ಕೃತಕ ಕಾಲು. ಅದನ್ನು ತೊಟ್ಟು ತೋರಿಸಲು ನೀವು ಬಂದಿರಿ — ವಿಜಾಪುರದ ಕಡೆಯವರು, ಗೋರೆಗಾಂವ್‌ನ ಕಟ್ಟಡಗಳಲ್ಲಿ ನೆಲಕ್ಕೆ ಕಲ್ಲು ಹಾಸುತ್ತಿದ್ದವರು, ಚಪ್ಪಡಿ ಬಿದ್ದು ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು.

ಈ ಪದವಿ ಪಡೆದವನಿಗೆ ಏನೇನು ಬರಬೇಕು ಎಂದು ಪರೀಕ್ಷಕರು ಮೊದಲು ನನ್ನನ್ನು ಕೇಳಿದರು. ಗಣಿತ, ಲೋಹ, ದೇಹರಚನೆ ಎಂದೆ. ಎಲ್ಲಕ್ಕಿಂತ ಮೊದಲು ರೋಗಿಯ ಮಾತು ಕೇಳಲು ಬರಬೇಕು ಎಂದೆ. ಅವರು ತಲೆದೂಗಿದರು, ನಾನು ಉಬ್ಬಿದೆ. ಆಮೇಲೆ ನೀವು ನಡೆದು ತೋರಿಸಿದಿರಿ. ಇದನ್ನು ತೊಟ್ಟು ಕೆಲಸಕ್ಕೆ ಹೋಗಬಲ್ಲರೇ, ಕೇಳಿ ಎಂದರು ಒಬ್ಬರು. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

"ನಡ್ಯಾಕ ಚಲೋ ಐತ್ರಿ ಸಾಹೇಬ್ರ. ಆದ್ರ ಪಾದ ಮಣಿಯಂಗಿಲ್ಲ, ಕುಕ್ಕರಗಾಲಾಗ ಕುಂದ್ರಾಕ ಬರೂದಿಲ್ಲ. ಕುಂದ್ರದ ಕಲ್ಲ ಹ್ಯಾಂಗ ಹಾಸ್ಲಿ? ಒಂದೀಟು ತಿದ್ದಿ ಕೊಡಾಕ ಹೇಳ್ರಿ."

ಅಳತೆ ತೆಗೆಯುವಾಗ ನಿಮ್ಮನ್ನು ಕುರ್ಚಿಯ ಮೇಲೆ ಕೂರಿಸಿದ್ದೆ. ಕೆಲಸದಲ್ಲಿ ಹೇಗೆ ಕೂರುತ್ತೀರಿ ಎಂದು ಕೇಳಿರಲೇ ಇಲ್ಲ — ಅಷ್ಟು ತಿಂಗಳಲ್ಲಿ ಒಮ್ಮೆಯೂ. ತಿದ್ದಬೇಕೆಂದರೆ ಇನ್ನೊಂದು ವರ್ಷ ಹೋಗುತ್ತಿತ್ತು. ನಾನು ಪರೀಕ್ಷಕರ ಕಡೆ ತಿರುಗಿ, ಮುಂದಿನ ವಾರವೇ ಕೆಲಸಕ್ಕೆ ಹೋಗುತ್ತಾರಂತೆ ಎಂದುಬಿಟ್ಟೆ. ಅವರು ನಿಮ್ಮನ್ನು ನೋಡಿ ನಕ್ಕರು. ತಿದ್ದಿಕೊಡಲು ಒಪ್ಪಿದರೆಂದುಕೊಂಡು ನೀವು ಅವರಿಗೆ ಕೈಮುಗಿದಿರಿ. ಆಗಲಾದರೂ ನಾನು...

ಪದವಿ ಬಂತು, ನೌಕರಿಯೂ ಸಿಕ್ಕಿತು. ಕೆಲವು ತಿಂಗಳ ಮೇಲೆ ಗೋರೆಗಾಂವ್‌ನ ಒಂದು ಹೊಸ ಬಿಲ್ಡಿಂಗಿನ ಗೇಟಿನಲ್ಲಿ ನಿಮ್ಮನ್ನು ಕಂಡೆ. ವಾಚ್‌ಮನ್ ಆಗಿ ಸ್ಟೂಲಿನ ಮೇಲೆ ಕೂತಿದ್ದಿರಿ. ಒಳಗೆ ನಿಮ್ಮ ಜೊತೆಯವರು ಕಲ್ಲು ಹಾಸುತ್ತಿದ್ದರು. ಕಾಲು ಹಾಗೇ ಇತ್ತು, ಯಾರೂ ತಿದ್ದಿರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತೆ. ನೀವೇ ನನ್ನನ್ನು ಸಮಾಧಾನ ಮಾಡಿದಿರಿ:

"ನೀವ್ಯಾಕ ಮಾರಿ ಸಣ್ಣದ ಮಾಡ್ತೀರಿ ಸಾಹೇಬ್ರ? ಅವತ್ತ ನನಗ ನೆಟ್ಟಗ ಹೇಳಾಕ ಬರಲಿಲ್ಲ. ಹೇಳಿದ್ರ ಆ ದೊಡ್ಡವರು ತಿದ್ದಿ ಕೊಡ್ತಿದ್ರು."

ಆಗಲೂ ನಾನು ಬಾಯಿ ಬಿಡಲಿಲ್ಲ. ತಪ್ಪು ನಿಮ್ಮದೆಂದೇ ನಂಬಲು ಬಿಟ್ಟು ಲೋಕಲ್ ರೈಲು ಹಿಡಿದು ಮನೆಗೆ ಹೋದೆ. ನೀವು ನೆಟ್ಟಗೇ ಹೇಳಿದ್ದಿರಿ, ಬಸಪ್ಪನವರೇ. ನಾನು ಕೇಳಿಸಿಕೊಂಡಿದ್ದೆ.